ಕೊಸರು ಕೊಡುವ ಬೀದಿಗಳು

ಬುಲೆಟ್ ರೈಲು, ದೇಗುಲ, ಚೆರ್ರಿ ಹೂವು ನೋಡಲು ಜಪಾನಿಗೆ ಹೊರಟವರಿಗೆ ಒಂದು ಮಾತು: ಒಂದು ಸಂಜೆಯನ್ನು ಶೋತೆಂಗಾಯ್ ಎಂಬ ಅಂಗಡಿ ಬೀದಿಗೆಂದು ಎತ್ತಿಡಿ. ಅಂಗಡಿಯವರೇ ಕಟ್ಟಿಸಿದ ಸೂರು, ಅವರೇ ಹೊತ್ತಿಸುವ ದೀಪ, ಅವರೇ ನಡೆಸುವ ಜಾತ್ರೆ. ಷಟರುಗಳು ಒಂದೊಂದಾಗಿ ಕೆಳಗಿಳಿಯುತ್ತಿರುವ ಈ ಕಾಲದಲ್ಲೂ ಅಲ್ಲಿ ಬದುಕು ಉಸಿರಾಡುತ್ತಿದೆ.

ಡಿಸೆಂಬರಿನ ಸಂಜೆ. ಒಸಾಕಾದಲ್ಲಿ ಐದು ಗಂಟೆಗೆಲ್ಲ ಕತ್ತಲು. ರಸ್ತೆಯಲ್ಲಿ ಕಿವಿ ಕೊರೆಯುವ ಗಾಳಿ. ತೆಂಜಿನ್‌ಬಾಶಿಸುಜಿ ಎಂಬ ಅಂಗಡಿ ಬೀದಿಯ ಸೂರಿನೊಳಗೆ ಕಾಲಿಟ್ಟೆ. ಗಾಳಿ ನಿಂತಿತು, ಸದ್ದು ಶುರುವಾಯಿತು.

ಸೈಕಲ್ ಬೆಲ್ಲು. ಬಾಣಲೆಯಲ್ಲಿ ಚುರ್ರೆನ್ನುವ ಎಣ್ಣೆ. ಚಹಾ ಅಂಗಡಿಯ ಬಾಗಿಲಲ್ಲಿ ಎಲೆ ಹುರಿಯುತ್ತಿರುವ ಘಮ. ತರಕಾರಿ ಅಂಗಡಿಯ ಮುಂದೆ ರಬ್ಬರ್ ಬೂಟು ತೊಟ್ಟ ನಡುವಯಸ್ಸಿನ ವ್ಯಾಪಾರಿ ಚಪ್ಪಾಳೆ ತಟ್ಟಿ ಕೂಗುತ್ತಿದ್ದ.

ಅವನ ಮುಂದೆ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಗುಡ್ಡೆ ಹಾಕಿದ ಮಿಕಾನ್. ನಮ್ಮ ಕಿತ್ತಳೆಯ ತಂಗಿಯಂತಿರುವ, ಬೆರಳಿಗೆ ಸಲೀಸಾಗಿ ಸಿಪ್ಪೆ ಬಿಡುವ ಚಳಿಗಾಲದ ಹಣ್ಣು. ಅಲ್ಲಿ ತೂಕವಿಲ್ಲ, ಗುಡ್ಡೆ ಲೆಕ್ಕ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ತಳ್ಳುಚೀಲ ನಿಲ್ಲಿಸಿ ಒಂದು ಗುಡ್ಡೆಯತ್ತ ಬೆರಳು ತೋರಿದರು. ಆತ ಹಣ್ಣುಗಳನ್ನು ಚೀಲಕ್ಕೆ ಸುರಿದ. ಅಜ್ಜಿ ನೋಟು ಕೊಟ್ಟರು. ಚಿಲ್ಲರೆ ಮುನ್ನೂರು ಯೆನ್ ವಾಪಸು ಕೊಡುತ್ತ ಆತ ಗಟ್ಟಿಯಾಗಿ ಹೇಳಿದ: "ತಗೊಳ್ಳಿ, ಮೂವತ್ತು ಲಕ್ಷ ಯೆನ್!"

ಒಸಾಕಾ ವ್ಯಾಪಾರಿಗಳ ಹಳೆಯ ತಮಾಷೆ ಇದು. ಅಜ್ಜಿ ಎಷ್ಟು ಸಾವಿರ ಸಲ ಕೇಳಿದ್ದರೋ, ಆದರೂ ನಕ್ಕರು. ಅವರು ತಿರುಗುವಷ್ಟರಲ್ಲಿ ಆತ ಇನ್ನೊಂದು ಮಿಕಾನ್ ತೆಗೆದು ಚೀಲದೊಳಗೆ ಹಾಕಿದ. "ಓಮಾಕೆ" ಎಂದ.

ಈ ಮಾತಿಗೆ ಅರ್ಥ ಹುಡುಕಲು ನನಗೆ ನಿಘಂಟು ಬೇಕಾಗಲಿಲ್ಲ. ಕನ್ನಡದಲ್ಲಿ ಅದಕ್ಕೆ ಅಚ್ಚುಕಟ್ಟಾದ ಪದವೇ ಇದೆ: ಕೊಸರು. ಕೊತ್ತಂಬರಿ ಕಟ್ಟಿನ ಜೊತೆಗೆ ಕರಿಬೇವು, ಡಜನ್ ಬಾಳೆಹಣ್ಣಿನ ಮೇಲೊಂದು. ಲೆಕ್ಕ ಮುಗಿದ ಮೇಲೆ ಕೈಯಿಂದ ಜಾರುವ ಆ ಒಂದು ಹಣ್ಣಿನಲ್ಲಿ "ನಾಳೆಯೂ ಬನ್ನಿ" ಎಂಬ ಮಾತಿದೆ.

ಬೆಳ್ಳಿ ಬಾನಿನ ಬೀದಿ

ಶೋತೆಂಗಾಯ್ ಎಂದರೆ ಅಕ್ಷರಶಃ ಅಂಗಡಿ ಬೀದಿ. ರೈಲು ನಿಲ್ದಾಣದಿಂದಲೋ ದೇಗುಲದ ಬಾಗಿಲಿಂದಲೋ ಹೊರಡುವ ಕಿರಿದಾದ ಬೀದಿ. ಎರಡೂ ಬದಿಗೆ ಮೀನು, ತೋಫು, ಅಕ್ಕಿ, ಚಪ್ಪಲಿ, ಔಷಧಿ, ಗಡಿಯಾರ ರಿಪೇರಿ, ಕ್ಷೌರ, ಹೂವು. ಮೇಲಂತಸ್ತಿನಲ್ಲಿ ಅಂಗಡಿಯವನ ಮನೆ. ಹಲವು ಕಡೆ ಇಡೀ ಬೀದಿಗೆ ಒಂದೇ ಸೂರು.

ಆ ಸೂರಿಗೂ ಒಂದು ಕಥೆಯಿದೆ. ಮೊದಲೆಲ್ಲ ಬಿಸಿಲಿಗೆ ಅಡ್ಡವಾಗಿ ಬೀದಿಯ ಈ ಬದಿಯಿಂದ ಆ ಬದಿಗೆ ಬಟ್ಟೆ ಕಟ್ಟುತ್ತಿದ್ದರು. ಯುದ್ಧ ಮುಗಿದು ಊರುಗಳು ಮತ್ತೆ ಮೇಲೇಳುತ್ತಿದ್ದಾಗ, 1951ರಲ್ಲಿ, ಕ್ಯೂಶು ದ್ವೀಪದ ಕೊಕುರಾ ಪಟ್ಟಣದ ಉಓಮಾಚಿ ಬೀದಿಯ ವ್ಯಾಪಾರಿಗಳು ಸಾರ್ವಜನಿಕ ರಸ್ತೆಯ ಮೇಲೆಯೇ ಗಟ್ಟಿ ಚಾವಣಿ ಕಟ್ಟಿಸಿದರು. ಜಪಾನಿನಲ್ಲಿ ಅಂಥದ್ದು ಅದೇ ಮೊದಲು. ಬೀದಿಗೆ ಇಟ್ಟ ಹೆಸರು ಗಿನ್ತೆಂಗಾಯ್, ಬೆಳ್ಳಿ ಬಾನಿನ ಬೀದಿ. ಬಾಂಬಿಗೆ ಹೆದರಿ ಆಕಾಶ ನೋಡಿದ್ದ ಜನ ಆರೇ ವರ್ಷಗಳಲ್ಲಿ ತಮ್ಮದೇ ಆಕಾಶ ಕಟ್ಟಿಕೊಂಡರು. ಆ ಹೆಸರನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪ್ರವಾಸಿಗೆ ಕಾಣದ ಸಂಗತಿ ಏನೆಂದರೆ, ಹೆಚ್ಚಿನ ಕಡೆ ಈ ಸೂರು, ಬೀದಿದೀಪ, ಹಬ್ಬಕ್ಕೆ ಕಟ್ಟುವ ಕಾಗದದ ಹೂವು, ಧ್ವನಿವರ್ಧಕದ ಸಂಗೀತ ಎಲ್ಲವೂ ಅಂಗಡಿಯವರ ಸಂಘದ್ದು. ತಿಂಗಳು ತಿಂಗಳು ಚಂದಾ ಎತ್ತಿ ನಡೆಸುತ್ತಾರೆ. ಇಂಥ ಸಂಘಗಳಿಗೆಂದೇ 1962ರಲ್ಲಿ ಒಂದು ಕಾಯ್ದೆ ಬಂತು. ಸರ್ಕಾರದ ನೆರವು ಇದ್ದರೂ ಹೊಣೆ ಬೀದಿಯವರದು.

ಇದೆಲ್ಲ ಸಾವಿರ ವರ್ಷದ ಪರಂಪರೆ ಎಂದು ನಾವು ಅಂದುಕೊಳ್ಳುವುದುಂಟು. ಸಮಾಜಶಾಸ್ತ್ರಜ್ಞ ಅರಾತ ಮಸಾಫುಮಿ 2012ರ ತಮ್ಮ ಪುಸ್ತಕದಲ್ಲಿ ಶೋತೆಂಗಾಯ್ ಇಪ್ಪತ್ತನೇ ಶತಮಾನದ ಸೃಷ್ಟಿ ಎಂದು ವಾದಿಸಿದರು. ಮೊದಲ ಮಹಾಯುದ್ಧದ ನಂತರ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವರು ಸಣ್ಣಪುಟ್ಟ ಅಂಗಡಿ ಹಾಕಿಕೊಂಡರು. ದೊಡ್ಡ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ಎದುರು ಒಬ್ಬೊಬ್ಬರೇ ನಿಲ್ಲಲಾರದೆ ಒಟ್ಟಾದರು. ಮಾರುಕಟ್ಟೆ ಹಳೆಯದು, ಸಂಘ ಹೊಸದು.

ದೇವರು, ತರಕಾರಿ, ನಗೆ

ತೆಂಜಿನ್‌ಬಾಶಿಸುಜಿ ಎರಡೂ ಬಗೆಯ ವಯಸ್ಸನ್ನು ಹೊತ್ತ ಬೀದಿ. ಉದ್ದ ಸುಮಾರು 2.6 ಕಿಲೋಮೀಟರ್, ಅಂಗಡಿಗಳು ಸುಮಾರು 600. ಜಪಾನಿನ ಅತಿ ಉದ್ದದ ಶೋತೆಂಗಾಯ್ ಎಂಬ ಹೆಸರು ಇದಕ್ಕೇ. ಅಡ್ಡರಸ್ತೆ ಬಂದಲ್ಲಿ ಮಾತ್ರ ಸೂರು ತುಂಡಾಗುತ್ತದೆ. ಎಲ್ಲೂ ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುವ ದಾರಿ ನನಗೆ ನಾಲ್ಕು ಗಂಟೆ ಹಿಡಿಯಿತು.

ಬೀದಿಯ ಬೇರು ಒಸಾಕಾ ತೆನ್‌ಮಾಂಗು ದೇಗುಲದಲ್ಲಿದೆ. ದೇಗುಲದ ಸ್ಥಾಪನೆ 949ರಲ್ಲಿ. ಇಲ್ಲಿನ ದೇವರು ಸುಗಾವರಾ ನೊ ಮಿಚಿಜಾನೆ, ಬದುಕಿದ್ದಾಗ ವಿದ್ವಾಂಸ, ಸತ್ತ ಮೇಲೆ ವಿದ್ಯೆಯ ದೇವತೆ. ಪರೀಕ್ಷೆಯ ಕಾಲಕ್ಕೆ ಮಕ್ಕಳು ಕೈಮುಗಿಯಲು ಬರುತ್ತಾರೆ. 1653ರಲ್ಲಿ ಹತ್ತಿರದಲ್ಲೇ ನದಿ ದಂಡೆಯ ಮೇಲೆ ತರಕಾರಿ ಸಗಟು ಮಾರುಕಟ್ಟೆ ಬಂತು. ಭಕ್ತರು, ದೋಣಿಯವರು, ದಲ್ಲಾಳಿಗಳು ಓಡಾಡುವ ದಾರಿ ಪೇಟೆಯಾಯಿತು. ಪ್ರತಿ ವರ್ಷ ಜುಲೈ 24 ಮತ್ತು 25ರಂದು ತೆಂಜಿನ್ ಮತ್ಸುರಿ ನಡೆಯುವಾಗ ನೂರಕ್ಕೂ ಹೆಚ್ಚು ದೋಣಿಗಳು ನದಿಗಿಳಿಯುತ್ತವೆ.

ದೇಗುಲದ ಬೇಲಿಗೆ ಅಂಟಿಕೊಂಡೇ ಒಂದು ಪುಟ್ಟ ರಂಗಮಂದಿರವಿದೆ, ತೆನ್‌ಮಾ ತೆಂಜಿನ್ ಹಂಜೋತೇಯ್. ಒಬ್ಬನೇ ಕಲಾವಿದ ದಿಂಬಿನ ಮೇಲೆ ಮಂಡಿಯೂರಿ ಕೂತು, ಬೀಸಣಿಗೆ ಮತ್ತು ಕರವಸ್ತ್ರ ಬಿಟ್ಟರೆ ಬೇರೇನೂ ಇಲ್ಲದೆ ಹತ್ತು ಪಾತ್ರಗಳ ಮಾತಾಡಿ ನಗಿಸುವ ಕಲೆ ರಾಕುಗೊ. ಯುದ್ಧದ ನಂತರ ಅರವತ್ತು ವರ್ಷ ಒಸಾಕಾದಲ್ಲಿ ಅದಕ್ಕೆಂದೇ ಕಾಯಂ ರಂಗಮಂದಿರ ಇರಲಿಲ್ಲ.

ಆಗ ಕಲಾವಿದರ ಸಂಘದ ಮುಖ್ಯಸ್ಥರಾಗಿದ್ದ ಕತ್ಸುರಾ ಸಾನ್ಶಿ ಈ ಬೀದಿಯ ಅಂಗಡಿಯವರನ್ನು ಕೇಳಿದ್ದು, ಖಾಲಿ ಮಳಿಗೆಯೊಂದು ಸಿಕ್ಕೀತೇ ಎಂದು. ಬೀದಿಯವರು ಅವರನ್ನು ದೇಗುಲಕ್ಕೆ ಕರೆದೊಯ್ದರು. ದೇಗುಲ ಬಾಡಿಗೆ ಕೇಳದೆ ಜಾಗ ಕೊಟ್ಟಿತು, ಜನ ವಂತಿಗೆ ಕೊಟ್ಟರು. 2006ರಲ್ಲಿ ಬಾಗಿಲು ತೆರೆಯಿತು. ಒಳಗೆ ಚಾವಣಿ ತುಂಬ ಕಾಗದದ ಲಾಂದ್ರಗಳು, ಒಂದೊಂದರ ಮೇಲೂ ಒಬ್ಬೊಬ್ಬ ದಾನಿಯ ಹೆಸರು. ಭಾಷೆ ಅರ್ಥವಾಗದಿದ್ದರೂ ತಲೆಯೆತ್ತಿ ಆ ಲಾಂದ್ರಗಳನ್ನು ನೋಡುವುದಕ್ಕಾದರೂ ಹೋಗಬೇಕು.

ಮೂಲಂಗಿಯಲ್ಲಿ ಬುದ್ಧನನ್ನು ಕಂಡವನು

ಕ್ಯೋಟೊದ ನಿಶಿಕಿ ಮಾರುಕಟ್ಟೆ ಇದಕ್ಕೆ ತದ್ವಿರುದ್ಧ. ಉದ್ದ 390 ಮೀಟರ್ ಮಾತ್ರ. ಎರಡು ಕೈ ಚಾಚಿ ನಿಂತರೆ ದಾರಿಯ ಬಹುಪಾಲು ತುಂಬುತ್ತದೆ. ಕೆಂಪು, ಹಳದಿ, ಹಸಿರು ಬಣ್ಣದ ಚಾವಣಿಯ ಕೆಳಗೆ ಸುಮಾರು 130 ಅಂಗಡಿಗಳು.

ಇಲ್ಲಿ ನೆಲದಡಿಯ ನೀರು ತಂಪು. ಐಸು, ಫ್ರಿಜ್ಜು ಇಲ್ಲದ ಕಾಲದಲ್ಲಿ ಆ ನೀರಿನಲ್ಲಿ ಮೀನು ಕೆಡದಂತೆ ಇಡುತ್ತಿದ್ದರು. 1615ರಲ್ಲಿ ಮೀನು ಸಗಟು ವ್ಯಾಪಾರಕ್ಕೆ ಅಧಿಕೃತ ಪರವಾನಗಿ ಸಿಕ್ಕಿತು. ಇಲ್ಲಿನ ಚಾಕು ಅಂಗಡಿ ಅರಿತ್ಸುಗು 1560ರಲ್ಲಿ ಕತ್ತಿ ತಯಾರಕರ ಕುಲುಮೆಯಾಗಿ ಶುರುವಾದದ್ದು. ಕತ್ತಿಯ ಕಾಲ ಹೋಯಿತು, ಈಗ ಅದೇ ಹೆಸರು ಅಡುಗೆಯವರ ಕೈಯಲ್ಲಿದೆ.

ಆದರೆ ನಿಶಿಕಿಯ ಅಸಲಿ ಹೀರೋ ಒಬ್ಬ ತರಕಾರಿ ವ್ಯಾಪಾರಿ. ಇತೊ ಜಕುಚು, 1716ರಲ್ಲಿ ಇದೇ ಬೀದಿಯ ಸಗಟು ತರಕಾರಿ ಮಂಡಿಯ ಮನೆಯಲ್ಲಿ ಹುಟ್ಟಿದವನು. ಹಿರಿಮಗನಾಗಿ ಮಂಡಿ ನಡೆಸಿ, ನಲವತ್ತರ ವಯಸ್ಸಿಗೆ ತಮ್ಮನಿಗೆ ವಹಿಸಿ ಕುಂಚ ಹಿಡಿದ. ಅವನ ಹುಂಜಗಳನ್ನು ಒಮ್ಮೆ ನೋಡಿದರೆ ಸಾಕು, ಒಂದೊಂದು ಗರಿಯೂ ನೆನಪಿನಲ್ಲಿ ಉಳಿಯುತ್ತದೆ.

ನನಗೆ ಅವನ ಇನ್ನೊಂದು ಚಿತ್ರ ಹೆಚ್ಚು ಇಷ್ಟ. ಬುದ್ಧನ ಮಹಾಪರಿನಿರ್ವಾಣದ ಚಿತ್ರವನ್ನು ಬರೀ ತರಕಾರಿಗಳಲ್ಲಿ ಬರೆದಿದ್ದಾನೆ. ನಡುವೆ ಬುಟ್ಟಿಯ ಮೇಲೆ ಒರಗಿ ಮಲಗಿರುವುದು ಒಂದು ಮೂಲಂಗಿ, ಅದೇ ಬುದ್ಧ. ಸುತ್ತ ದುಃಖದಲ್ಲಿ ನಿಂತ ಶಿಷ್ಯರೆಲ್ಲ ಕುಂಬಳ, ಬದನೆ, ಗೆಡ್ಡೆ, ಅಣಬೆ. ಕ್ಯೋಟೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ದಿನವಿಡೀ ತರಕಾರಿ ಮುಟ್ಟಿದ ಕೈ ಮಾತ್ರ ಇಂಥ ಭಕ್ತಿಯನ್ನು ಬರೆಯಬಲ್ಲದು.

1770ರ ದಶಕದ ಆರಂಭದಲ್ಲಿ ಪ್ರತಿಸ್ಪರ್ಧಿ ಮಾರುಕಟ್ಟೆಯೊಂದರ ತಕರಾರಿನಿಂದ ನಿಶಿಕಿಯ ವ್ಯಾಪಾರಕ್ಕೇ ಕುತ್ತು ಬಂದಾಗ, ಕುಂಚ ಬದಿಗಿಟ್ಟು ಅಧಿಕಾರಿಗಳ ಬಾಗಿಲಿಗೆ ಅಲೆದು ಬೀದಿಯನ್ನು ಉಳಿಸಿಕೊಂಡವನೂ ಅವನೇ. ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಷಟರುಗಳ ಮೇಲೆ ಅವನ ಚಿತ್ರಗಳು ಕಾಣುತ್ತವೆ.

ನಿಶಿಕಿ ಇಂದು ಪ್ರವಾಸಿಗಳಿಂದ ಕಿಕ್ಕಿರಿದಿದೆ. ಕಡ್ಡಿಗೆ ಚುಚ್ಚಿದ ತಿಂಡಿ ಹಿಡಿದು ನಡೆಯುವವರ ನಡುವೆ ಮನೆಗೆ ಉಪ್ಪಿನಕಾಯಿ ಕೊಳ್ಳಲು ಬಂದ ಊರಿನವರು ದಾರಿ ಸಿಗದೆ ನಿಲ್ಲುವುದನ್ನು ಕಂಡು ಬೇಸರವಾಯಿತು. ನಡೆಯುತ್ತ ತಿನ್ನಬೇಡಿ ಎಂದು ಮಾರುಕಟ್ಟೆಯವರೇ ಫಲಕ ಹಾಕಿದ್ದಾರೆ. ಬೆಳಿಗ್ಗೆ ಅಂಗಡಿಗಳು ತೆರೆಯುವ ಹೊತ್ತಿಗೆ ಹೋಗಿ. ಅಕ್ಕಿ ತೌಡಿನಲ್ಲಿ ಹೂತಿಟ್ಟ ಸೌತೆ, ಮೂಲಂಗಿಗಳನ್ನು ಪೀಪಾಯಿಯಿಂದ ಎತ್ತುವುದನ್ನು, ಸೋಯಾ ಹಾಲಿನ ಕೆನೆಯಿಂದಾದ ಯುಬಾವನ್ನು ಜೋಡಿಸುವುದನ್ನು ಆಗ ನಿಂತು ನೋಡಬಹುದು.

ಬೀದಿಗಳ ಅಳತೆ
- ತೆಂಜಿನ್‌ಬಾಶಿಸುಜಿ, ಒಸಾಕಾ: ಸುಮಾರು 2.6 ಕಿ.ಮೀ., ಸುಮಾರು 600 ಅಂಗಡಿ
- ತೊಗೊಶಿ ಗಿಂಜಾ, ಟೋಕಿಯೊ: ಸುಮಾರು 1.3 ಕಿ.ಮೀ., ಸುಮಾರು 400 ಅಂಗಡಿ
- ಸುಗಾಮೊ ಜಿಜೊ ಬೀದಿ, ಟೋಕಿಯೊ: ಸುಮಾರು 800 ಮೀಟರ್, ಸುಮಾರು 200 ಅಂಗಡಿ
- ನಿಶಿಕಿ, ಕ್ಯೋಟೊ: 390 ಮೀಟರ್, ಸುಮಾರು 130 ಅಂಗಡಿ
- ಯನಾಕಾ ಗಿಂಜಾ, ಟೋಕಿಯೊ: ಸುಮಾರು 170 ಮೀಟರ್, ಸುಮಾರು 60 ಅಂಗಡಿ

ಇಟ್ಟಿಗೆ ತಂದ ಹೆಸರು

ಟೋಕಿಯೊದಲ್ಲಿ ಗಿಂಜಾ ಎಂದರೆ ಶ್ರೀಮಂತರ ಪೇಟೆ. ಆದರೆ ದೇಶದ ತುಂಬ ನೂರಾರು ಸಣ್ಣ ಬೀದಿಗಳ ಹೆಸರಿನಲ್ಲಿ 'ಗಿಂಜಾ' ಇದೆ. ಇದಕ್ಕೆ ಮೇಲ್ಪಂಕ್ತಿ ಹಾಕಿದ್ದು ತೊಗೊಶಿ. 1923ರ ಮಹಾ ಭೂಕಂಪದಲ್ಲಿ ಅಸಲಿ ಗಿಂಜಾದ ಇಟ್ಟಿಗೆಗಳು ನೆಲಕ್ಕುರುಳಿದವು. ತಗ್ಗಿನಲ್ಲಿದ್ದು ಸದಾ ಕೆಸರಾಗುತ್ತಿದ್ದ ತೊಗೊಶಿಯ ವ್ಯಾಪಾರಿಗಳು ಆ ಇಟ್ಟಿಗೆ ಚೂರುಗಳನ್ನು ತಂದು ತಮ್ಮ ಬೀದಿಗೆ ಹಾಸಿದರು. ಇಟ್ಟಿಗೆಯ ಜೊತೆ ಹೆಸರೂ ಬಂತು.

ಸುಗಾಮೊ ಹಿರಿಯರ ಬೀದಿ. 'ಅಜ್ಜಿಯರ ಹರಾಜುಕು' ಎಂದೇ ಹೆಸರು. ಹರಾಜುಕು ಎಂದರೆ ಯುವಕರ ಫ್ಯಾಷನ್ ಪೇಟೆ. ಇಲ್ಲಿ ದರದ ಫಲಕಗಳ ಅಕ್ಷರ ದಪ್ಪ, ಕೂರಲು ಬೆಂಚು, ಅಂಗಡಿಯಲ್ಲಿ ಮೈ ಬೆಚ್ಚಗಿಟ್ಟು ಆರೋಗ್ಯ ಕೊಡುತ್ತದೆಂದು ನಂಬಿ ಕೊಳ್ಳುವ ಕೆಂಪು ಒಳಉಡುಪು. ಬೀದಿಯ ಕೋಗಾಂಜಿ ದೇಗುಲದ ಜಿಜೊ 'ಮುಳ್ಳು ಕೀಳುವ' ದೇವರು. ಅಂಗಳದ ಕಾನ್ನೊನ್ ವಿಗ್ರಹಕ್ಕೆ ನೀರೆರೆದು, ತಮಗೆ ಎಲ್ಲಿ ನೋವಿದೆಯೋ ವಿಗ್ರಹದ ಅದೇ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಒಬ್ಬಾಕೆ ಮಂಡಿ ಒರೆಸಿದರು, ಸೊಂಟ ಒರೆಸಿದರು, ಆಮೇಲೆ ಸ್ವಲ್ಪ ಯೋಚಿಸಿ ಎದೆ ಒರೆಸಿದರು. ತಿಂಗಳ 4, 14, 24ನೇ ತಾರೀಖು ಇಲ್ಲಿ ಸಂತೆ, ಆ ದಿನ ನೋಡಿ ಹೋಗಿ.

ಯನಾಕಾ ಗಿಂಜಾಕ್ಕೆ ಇಳಿಯುವ ಮೆಟ್ಟಿಲುಗಳ ಹೆಸರು ಯೂಯಾಕೆ ದಾಂದಾನ್, ಅಂದರೆ ಸಂಜೆಗೆಂಪಿನ ಮೆಟ್ಟಿಲು. ಅಲ್ಲಿ ಕೂತರೆ ಸೂರ್ಯ ಬೀದಿಯ ಆಚೆ ಇಳಿಯುತ್ತಾನೆ.

ಟೋಕಿಯೊದ ಇನ್ನೊಂದು ಬಡಾವಣೆ ಕೋಯೆಂಜಿಯ ಕಥೆ ಬೇರೆಯೇ. 1957ರಲ್ಲಿ ಅಲ್ಲಿನ ಅಂಗಡಿಯವರ ಯುವಕ ಸಂಘ ಬೀದಿಗೆ ಜನರನ್ನು ಸೆಳೆಯಲು ಒಂದು ದಾರಿ ಹುಡುಕಿತು. ದೂರದ ತೊಕುಶಿಮಾ ಸೀಮೆಯ ಅವಾ ಓದೊರಿ ನೃತ್ಯವನ್ನು ಹೇಗೋ ಕಲಿತು, ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿದರು. ಇಂದು ಆಗಸ್ಟ್ ಕೊನೆಯಲ್ಲಿ ಸುಮಾರು ಹತ್ತು ಸಾವಿರ ಮಂದಿ ಆ ಬೀದಿಗಳಲ್ಲಿ ಕುಣಿಯುತ್ತಾರೆ.

ಷಟರ್ ಬೀದಿ

ಇಷ್ಟೆಲ್ಲ ಹೇಳಿ ಇನ್ನೊಂದು ಮಗ್ಗುಲು ಮುಚ್ಚಿಟ್ಟರೆ ತಪ್ಪಾಗುತ್ತದೆ. ಜಪಾನೀ ಭಾಷೆಯಲ್ಲಿ 'ಷಟರ್ ಬೀದಿ' ಎಂಬ ಮಾತು ಮನೆಮಾತಾಗಿದೆ. ಸಣ್ಣ ಪಟ್ಟಣದ ನಿಲ್ದಾಣದಲ್ಲಿ ಇಳಿದು ಪೇಟೆಗೆ ನಡೆದರೆ ಹಗಲಲ್ಲೇ ಸಾಲು ಸಾಲು ಮುಚ್ಚಿದ ಬಾಗಿಲು, ತುಕ್ಕು ಹಿಡಿದ ಫಲಕ, ಯಾರೂ ಇಲ್ಲದ ಬೀದಿಗೆ ಕೇಳುತ್ತಿರುವ ಸಂಗೀತ.

1974ರಲ್ಲಿ ದೊಡ್ಡ ಮಳಿಗೆಗಳಿಗೆ ಕಡಿವಾಣ ಹಾಕುವ ಕಾಯ್ದೆ ಜಾರಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸುವಿನಲ್ಲಿ ಜಪಾನಿನ ಮೊದಲ ಸೆವೆನ್-ಇಲೆವೆನ್ ತೆರೆಯಿತು. ತೆರೆದವನು ಹೊರಗಿನ ಸಾಹುಕಾರನಲ್ಲ, ಮನೆತನದ ಸಣ್ಣ ಮದ್ಯದಂಗಡಿ ನಡೆಸುತ್ತಿದ್ದ ಯುವಕ. ಹೊರಗಿನ ದೈತ್ಯನನ್ನು ಕಾಯ್ದೆ ತಡೆಯುತ್ತಿದ್ದಾಗ ಒಳಗಿನಿಂದಲೇ ಪೇಟೆ ಬದಲಾಗತೊಡಗಿತ್ತು. ಇಂದು ದೇಶದಲ್ಲಿ ಇಂಥ ಕನ್ವೀನಿಯನ್ಸ್ ಸ್ಟೋರುಗಳು ಐವತ್ತು ಸಾವಿರಕ್ಕೂ ಹೆಚ್ಚು. 2000ದಲ್ಲಿ ಆ ಕಾಯ್ದೆಯೂ ರದ್ದಾಯಿತು, ಊರ ಹೊರಗೆ ಕಾರು ನಿಲ್ಲಿಸಲು ಜಾಗವಿರುವ ಮಾಲ್‌ಗಳು ಎದ್ದವು.

ಆದರೂ ಬೀದಿಯವರನ್ನು ಕೇಳಿದರೆ ಮಾಲ್‌ಗಿಂತ ಮೊದಲು ಹೇಳುವುದು ವಯಸ್ಸಿನ ಮಾತು. ಮಕ್ಕಳು ಟೋಕಿಯೊದಲ್ಲಿ ನೌಕರಿಯಲ್ಲಿದ್ದಾರೆ, ಗಲ್ಲಾದಲ್ಲಿ ಕೂರುವವರಿಲ್ಲ. 2021ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಶೋತೆಂಗಾಯ್‌ಗಳಲ್ಲಿ ನೂರಕ್ಕೆ ಹದಿಮೂರಕ್ಕೂ ಹೆಚ್ಚು ಮಳಿಗೆಗಳು ಖಾಲಿ. ಹತ್ತು ಅಂಗಡಿ ಮುಚ್ಚಿದರೆ ಹತ್ತು ಚಂದಾ ನಿಲ್ಲುತ್ತದೆ. ಸೂರಿನ ದುರಸ್ತಿಗೆ ದುಡ್ಡಿಲ್ಲದೆ, ಕಟ್ಟಿದವರ ಮಕ್ಕಳೇ ಅದನ್ನು ಬಿಚ್ಚಿ ಇಳಿಸಿದ ಊರುಗಳಿವೆ.

ಶಿಕೊಕು ದ್ವೀಪದ ತಕಾಮಾತ್ಸುವಿನ ಮರುಗಾಮೆಮಾಚಿ ಬೀದಿ ಬೇರೆ ದಾರಿ ಹಿಡಿಯಿತು. ಮಾಲೀಕರು ಜಾಗದ ಒಡೆತನ ತಮ್ಮಲ್ಲೇ ಉಳಿಸಿಕೊಂಡು, ಬಳಸುವ ಹಕ್ಕನ್ನು ದೀರ್ಘಾವಧಿ ಗುತ್ತಿಗೆಗೆ ಒಂದು ಸಂಸ್ಥೆಗೆ ಒಪ್ಪಿಸಿದರು. ಬೀದಿಗೆ ಯಾವ ಅಂಗಡಿ ಬೇಕು ಎಂಬುದನ್ನು ಒಟ್ಟಾಗಿ ನಿರ್ಧರಿಸಲಾಗುತ್ತದೆ. ಮೊದಲ ಹಂತ 2006ರಲ್ಲಿ ತೆರೆಯಿತು. ಮೇಲಂತಸ್ತುಗಳಲ್ಲಿ ಮನೆಗಳು ಬಂದವು, ಬೀದಿಗೆ ಚಿಕಿತ್ಸಾಲಯ ಬಂತು, ವಯಸ್ಸಾದವರು ಲಿಫ್ಟಿನಲ್ಲಿ ಇಳಿದು ಪೇಟೆಗೆ ಬರುತ್ತಾರೆ. ಶೋತೆಂಗಾಯ್ ಉಳಿಯಬೇಕಾದರೆ ಅದರ ಮೇಲೆಯೇ ಜನ ವಾಸಿಸಬೇಕು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ.

ಹೋಗುವವರಿಗೆ

ಮೊದಲ ತೊಡಕು ಊಟದ್ದು. ಬಟಾಟೆಯ ಕೊರೊಕ್ಕೆ ನಮ್ಮ ಆಲೂ ಬೋಂಡಾದ ನೆಂಟನಂತೆ ಕಂಡರೂ ಒಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಸಾರು, ಸಾಸ್‌ಗಳಲ್ಲಿ ಒಣಮೀನಿನ ರಸ ದಾಶಿ ಇರುತ್ತದೆ. ಸಸ್ಯಾಹಾರಿಗಳು ಹಸಿದು ತಿರುಗಬೇಕಿಲ್ಲ. ಬಿಸಿ ಕಲ್ಲಿನ ಮೇಲೆ ಸುಟ್ಟ ಗೆಣಸು ಸಿಗುತ್ತದೆ, ಬಾಯಲ್ಲಿಟ್ಟರೆ ಬೆಲ್ಲದಂತೆ ಕರಗುತ್ತದೆ. ಅಕ್ಕಿ ಹಿಟ್ಟಿನ ಮೆತ್ತನೆ ಹೊದಿಕೆಯೊಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ದೈಫುಕು ತಿಂದಾಗ ನನಗೆ ಕಡುಬು ನೆನಪಾಯಿತು. ಮೀನಿನಾಕಾರದ ತೈಯಾಕಿಯಲ್ಲಿ ಮೀನಿಲ್ಲ, ಅಲ್ಲೂ ಅದೇ ಹೂರಣ.

ತಿನ್ನುವುದಾದರೆ ಕೊಂಡ ಅಂಗಡಿಯ ಮುಂದೆಯೇ ನಿಂತು ತಿನ್ನಿ. ಕಡ್ಡಿ, ಕಾಗದ ಅಲ್ಲೇ ವಾಪಸು ಕೊಡಿ, ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. ಹಣವನ್ನು ಗಲ್ಲಾದ ಪಕ್ಕದ ಪುಟ್ಟ ತಟ್ಟೆಯಲ್ಲಿಡಿ. ವ್ಯಾಪಾರಿಯ ಫೋಟೊ ಬೇಕೆನಿಸಿದರೆ ಕೇಳಿ ತೆಗೆಯಿರಿ. ನೂರು ಯೆನ್‌ ನಾಣ್ಯಗಳು ಜೇಬಿನಲ್ಲಿರಲಿ, ಸಣ್ಣ ಅಂಗಡಿಗಳಲ್ಲಿ ಎಲ್ಲೆಡೆ ಕಾರ್ಡ್ ನಡೆಯುವುದಿಲ್ಲ.

ನಾಲ್ಕು ಮಾತು ಕಲಿತಿರಿ
- ಇರಶ್ಶಾಯ್: ಬನ್ನಿ ಬನ್ನಿ (ಅಂಗಡಿಯವರ ಕೂಗು)
- ಕೊರೆ ಕುದಸಾಯ್: ಇದನ್ನು ಕೊಡಿ
- ಇಕುರಾ ದೆಸ್‌ ಕಾ: ಎಷ್ಟು?
- ಓಕಿನಿ: ಒಸಾಕಾ, ಕ್ಯೋಟೊ ಸೀಮೆಯ 'ಧನ್ಯವಾದ'

ಒಸಾಕಾದ ಆ ಡಿಸೆಂಬರ್ ಸಂಜೆ ನಾನೂ ಅದೇ ತರಕಾರಿ ವ್ಯಾಪಾರಿಯಿಂದ ಮಿಕಾನ್ ಕೊಂಡೆ. ಹೋಟೆಲಿನಲ್ಲಿ ಒಬ್ಬರಿಗೆ ಅಷ್ಟು ಹಣ್ಣು ಹೆಚ್ಚೇ ಆಗಿತ್ತು. ಮರುದಿನ ಮತ್ತೆ ಅದೇ ದಾರಿಯಲ್ಲಿ ನಡೆದಾಗ ಆತ ಗುರುತು ಹಿಡಿದು ಕೈಯೆತ್ತಿದ, "ಮೈದೊ!" ಎಂದ. ನಿತ್ಯದ ಗಿರಾಕಿಗೆ ಒಸಾಕಾದವರು ಹೇಳುವ ಮಾತು ಅದು. ಎರಡನೇ ದಿನಕ್ಕೇ ನನಗೆ ಆ ಪಟ್ಟ ಸಿಕ್ಕಿತ್ತು.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಈಗ ನೇರ ವಿಮಾನವಿದೆ. ಮುಂದಿನ ಸಲ ಜಪಾನಿನ ಪ್ಯಾಕೇಜ್ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಶೋತೆಂಗಾಯ್ ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಸಂಜೆ ಬಿಡುವು ಕೇಳಿ ಪಡೆಯಿರಿ. ನಾಲ್ಕು ಗಂಟೆಗೆ ಹೋಗಿ. ಏಳಕ್ಕೆ ಬಹುತೇಕ ಅಂಗಡಿಗಳು ಷಟರ್ ಎಳೆಯುತ್ತವೆ.